ರೇಷ್ಮೆ ಬೆಲೆ ಬಿದ್ದರೆ ಮಾವನಿಗೆ ಹಬ್ಬ

ಮಾವನ ಗಂಟಲಿನಲ್ಲಿ ಮಾತಾಡಿ ನಾಲ್ವರು ಹೆಂಗಸರನ್ನು ಕೆಲಸದಿಂದ ತೆಗೆದ ಮಹಾನುಭಾವ ನಾನೇ. ಬೈಯುವವರು ಈಗಲೇ ಬೈದು ಮುಗಿಸಿ, ಮುಂದೆ ಓದಲು ಅನುಕೂಲ!

ಇನ್ನು ಮಾವ. ಸಂತೆಮರಹಳ್ಳಿಯಲ್ಲಿ ನಾಲ್ಕು ಚರಕ ಇಟ್ಟುಕೊಂಡು ರೇಷ್ಮೆಗೂಡಿನಿಂದ ನೂಲು ತೆಗೆಸುತ್ತಿದ್ದ ಈ ನನ್ನ ಸೋದರಮಾವ, ಬೆಲೆ ಏರಿದರೆ ಮುಖ ಊದಿಸಿಕೊಂಡು, ಇಳಿದರೆ ಹೋಳಿಗೆ ಮಾಡಿಸುವ ಪ್ರಪಂಚದ ಏಕೈಕ ವ್ಯಾಪಾರಿ!

ಎಲ್ಲೋ ಕೊರಿಯಾದಲ್ಲಿ ಯುದ್ಧ ಹತ್ತಿಕೊಂಡು ಇಲ್ಲಿ ರೇಷ್ಮೆಗೆ ಚಿನ್ನದ ಬೆಲೆ ಬಂತು. ಚಾಮರಾಜನಗರದ ವ್ಯಾಪಾರಿಗಳೆಲ್ಲ ಕೈಗಡಿಯಾರ ಕಟ್ಟಿದರು. ಗಂಟೆ ನೋಡಲು ಬಾರದವರೂ ಕಟ್ಟಿದರು. ಮಾವ ಮಾತ್ರ ಸೂತಕದವರಂತೆ ಕುಳಿತಿದ್ದರು.

"ರೇಟು ಏರುದ್ರೆ ಒಳ್ಳೇದಲ್ವಾ ಮಾವ?"

"ಏರ್ದಾಗ ಕಸಾನೂ ಮಾರೋಯ್ತದೆ ಕಣ್ಲಾ. ಕಸಾನೇ ಮಾರೋಗುವಾಗ ಕೆಲ್ಸ ಯಾವನ್ಲಾ ಕಲ್ತಾನು?"

ನಿಜವೇ. ಕರೆ ಹಿಡಿದ ಗೂಡು, ಎರಡು ಹುಳು ಸೇರಿ ಕಟ್ಟಿದ ಗೂಡು, ಎಲ್ಲವೂ ಒಂದೇ ಬಿಸಿನೀರಿನ ಬಾಂಡ್ಲಿಗೆ ಬೀಳುತ್ತಿದ್ದವು. ನೂಲು ಹಗ್ಗದಂತೆ ಬಂದರೂ ಕೊಳ್ಳುವವರಿದ್ದರು.

ವರ್ಷ ಕಳೆಯುವುದರೊಳಗೆ ಬೆಲೆ ಬಾವಿಗೆ ಬಿತ್ತು. ಊರಿನ ಚರಕಗಳೆಲ್ಲ ನಿಂತವು. ಮಾವನ ಮನೆಯಲ್ಲಿ ಹೋಳಿಗೆ! ಅಂದಿನಿಂದಲೇ ತಮ್ಮ ನಾಲ್ವರು ಕೆಲಸದವರಿಗೆ ಪಾಠ ಶುರು: ಗೂಡು ಆರಿಸುವುದು, ನೀರಿನ ಕಾವನ್ನು ಬೆರಳಲ್ಲೇ ಅಳೆಯುವುದು, ಕಡಿದ ಎಳೆಯನ್ನು ಕಾಣದಂತೆ ಸೇರಿಸುವುದು. ಮಾವ ಕಣ್ಣು ಮುಚ್ಚಿ ನೂಲನ್ನು ತುಟಿಗೆ ಸವರಿಕೊಂಡು ಪರೀಕ್ಷಿಸುವರು.

"ಮುತ್ತು ಕೊಟ್ಟಿದ್ ಸಾಕು ಬುದ್ಧಿ, ಅವ್ವಾರು ನೋಡಾರು" ಎನ್ನುವಳು ಅವರಲ್ಲಿ ಹಿರಿಯಳಾದ ಕೆಂಪಮ್ಮ.

ಆರು ತಿಂಗಳಲ್ಲಿ ಒಬ್ಬೊಬ್ಬಳೂ ಮೊದಲು ಇಬ್ಬರು ತೆಗೆಯುತ್ತಿದ್ದಷ್ಟು ನೂಲು ತೆಗೆಯತೊಡಗಿದಳು, ಅದೂ ಕೂದಲಿನಷ್ಟು ಸಣ್ಣ! ಕೊಳ್ಳುವವರು? ನರಪಿಳ್ಳೆಯೂ ಇಲ್ಲ! ಕೂಲಿ ಕೊಡಲು ಮಾವ ಒಂದು ಜೊತೆ ಎತ್ತು ಮಾರಿದರು.

ಶಾನುಭೋಗರ ಮಾತಿನಿಂದ ಹಿಡಿದು ಅಜ್ಜಿಯ ಗೊರಕೆಯವರೆಗೆ ಎಲ್ಲವನ್ನೂ ಅಣಕಿಸಬಲ್ಲ ನನಗೆ, ಅಣಕಿಸಲು ಬಾರದ್ದು ಬುದ್ಧಿವಂತರನ್ನು ಮಾತ್ರ. ಒಂದು ಸಂಜೆ ಬಾಗಿಲ ಹಿಂದೆ ನಿಂತು, ಮಾವನಂತೆಯೇ ಕೆಮ್ಮಿ, "ಕೆಂಪವ್ವಾ, ನಾಳಿಂದ ಯಾರೂ ಬರ್ಬ್ಯಾಡಿ ಕಣ್ರವ್ವ" ಎಂದೆ. ನಗುತ್ತಾರೆಂದು ಕಾದೆ. ನಗಲಿಲ್ಲ. ಇಣುಕಿದರೆ ನಾಲ್ವರೂ ಹೋಗಿಯಾಗಿತ್ತು!

ಮರುದಿನ ಅವರು ಬರಲಿಲ್ಲ, ಸುದ್ದಿ ಬಂತು: ಗುಂಡ್ಲುಪೇಟೆ ರಸ್ತೆಗೆ ಜಲ್ಲಿ ಒಡೆಯಲು ಹೊರಟಿದ್ದಾರಂತೆ. ನಾನು ತಪ್ಪೊಪ್ಪಿಕೊಂಡೆ. ಮಾವ ಹೊಡೆಯಲಿಲ್ಲ, ಹೊಡೆದಿದ್ದರೆ ಚೆನ್ನಾಗಿತ್ತು.

"ಒಂದ್ ವಾರ ಸುತ್ಗೆ ಹಿಡುದ್ರೆ ಆ ಬೆರಳ್ಗೆ ಎಳೆ ಗೊತ್ತಾಗಾಕಿಲ್ಲ ಕಣ್ಲಾ!" ಎಂದವರೇ ಬರಿಗಾಲಲ್ಲಿ ಓಡಿದರು. ಹಿಂದೆಯೇ ನಾನು.

ಬಸ್ಸು ನಿಲ್ಲುವಲ್ಲಿ ನಾಲ್ವರೂ ಬುತ್ತಿ, ಸುತ್ತಿಗೆ ಇಟ್ಟುಕೊಂಡು ಕುಳಿತಿದ್ದರು. ನಾನು ಕೆಂಪಮ್ಮನಿಗೆ ಕೈಮುಗಿದೆ. "ಬರಬೇಡಿ ಅಂದಿದ್ದು ಮಾವ ಅಲ್ಲ ಕಣವ್ವ, ನಾನು."

"ಗೊತ್ತು ಬುಡಪ್ಪ, ಬಾಗ್ಲ ಸಂದೀಲಿ ನಿನ್ ಕಾಲು ಕಾಣ್ತಿತ್ತು" ಎಂದಳು. ಆಮೇಲೆ ಮಾವನತ್ತ ತಿರುಗಿದಳು. "ಎತ್ತಾಯ್ತು, ಇನ್ ಒಲ ಮಾರೀರಿ. ಬರ್ಬ್ಯಾಡಿ ಅನ್ನಾಕೆ ನಿಮ್ಗೆ ಬಾಯಿ ಬರಾಕಿಲ್ಲ ಅಂತ್ಲೇ ನಾವಾಗಿ ಎದ್ ಬಂದೋ, ಬುದ್ಧಿ."

ಅಷ್ಟರಲ್ಲಿ ಬಸ್ಸು ಬಂತು. ಮಾವ ಕೆಂಪಮ್ಮನ ಸುತ್ತಿಗೆ ಎತ್ತಿಕೊಂಡು ನನ್ನ ಕೈಗಿಟ್ಟರು.

"ನೀವು ನಡೀರವ್ವ, ಒಲೆ ಮೇಲೆ ನೀರು ಕುದೀತಾ ಅದೆ. ಜಲ್ಲಿ ಒಡ್ಯಾಕೆ ಇವ್ನು ಓಗ್ಲಿ. ಇವ್ನ್ದು ಬಾಯಿ ಒಂದೇ ಕೆಲ್ಸ ಮಾಡಾದು. ಕೈ ಕೆಟ್ರೆ ಯಾರ್ಗೂ ನಷ್ಟ ಇಲ್ಲ."