ಸುಭದ್ರಾಬಾಯಿಯ ಓಪನಿಂಗ್ ಬ್ಯಾಟಿಂಗ್

ಪಂಚಶೀಲಾ: ಸಣ್ಣ ಕಾಕಾನ ಹೆಸರ ಬಿಟ್ರ ನಾ ಈ ಅಂಗಡಿ ಮೆಟ್ಟಲಾ ಇಳಿಯಲ್ರಿ!

ದಶರಥ: ಏ, ಇದು ಲಗ್ನಪತ್ರಿಕಿ ಅಲ್ಲ, ಕ್ರಿಕೆಟ್ ಟೀಮ್!

ಪಂಚಶೀಲಾ: ಲಗ್ನಪತ್ರಿಕ್ಯಾಗ ಹೆಸರ ಬಿಟ್ಟಿದ್ದಕ್ಕ ಮೂರು ವರ್ಷ ಮಾತ ಬಿಟ್ಟಾನ. ಇನ್ನ ಟಿವ್ಯಾಗ ಬಿಟ್ರ ಸುಮ್ನ ಇರ್ತಾನಾ?

ಅಫಜಲಪುರದ ಬಸ್‌ಸ್ಟ್ಯಾಂಡಿನ ಎದುರು ಮಸೂದನ ಟಿವಿ ರಿಪೇರಿ ಅಂಗಡಿ. ಕೌಂಟರಿನ ಈಚೆ ದಶರಥ, ಅವನ ಹೆಂಡತಿ ಪಂಚಶೀಲಾ; ಮೇಲೆ ಟಿವಿಗೆ ಹಚ್ಚಿ ಆಡುವ, ಅವನ ಹದಿನೈದು ವರ್ಷದ ಹಳೇ ಗೇಮ್ ಡಬ್ಬಿ. ಅದರೊಳಗಿನ ಕ್ರಿಕೆಟ್ ಆಟಕ್ಕೆ ‘ಮಾಡ್’ ಹಾಕುವುದು, ಅಂದರೆ ಆಟಗಾರರ ಹೆಸರು ಅಳಿಸಿ ಮನೆಮಂದಿಯ ಹೆಸರು ಕೂರಿಸುವುದು, ಇವತ್ತಿನ ಕೆಲಸ. ಪಾಪ, ದಶರಥನ ಆಸೆ ದೊಡ್ಡದೇನಲ್ಲ. ಭೂಸನೂರಿನ ಸಕ್ಕರೆ ಕಾರ್ಖಾನೆಯ ತಂಡದಲ್ಲಿ ಹನ್ನೆರಡು ವರ್ಷ ಹನ್ನೆರಡನೆಯವನಾಗಿ ನೀರು ಹೊತ್ತ ಜೀವ ಅದು. ಒಂದು ಸಲ ಕ್ಯಾಪ್ಟನ್ ಆಗಬೇಕು, ಟಿವಿಯಲ್ಲಾದರೂ ಸರಿ. ನಾಳೆ ಐತವಾರ, ‘ಕ್ಯಾಪ್ಟನ್ ಯಾರು ಅಂತ ನಮ್ಮ ಮನಿಗಿ ಬಂದು ನೋಡ್ರಿ’ ಎಂದು ಗೆಳೆಯರ ಮುಂದೆ ಡಂಗುರ ಬೇರೆ ಸಾರಿಬಿಟ್ಟಿದ್ದ.

ಮಸೂದ: ಭಾಭಿ, ಮೊದಲನೇ ನಂಬರಿಗಿ ಯಾರ್ನ ಬರೀಲಿ?

ಪಂಚಶೀಲಾ: ಹಿರೇರ ಹೆಸರ ಮೊದಲ. ನಮ್ಮವ್ವ, ಸುಭದ್ರಾಬಾಯಿ.

ದಶರಥ: ಮೊಣಕಾಲ ನೋವಂತ ಅತ್ತಿಯವರು ಬಾಗಲ ತನ ಬರಲ್ಲ, ಓಪನಿಂಗ್ ಆಡ್ತಾರಾ?

ಪಂಚಶೀಲಾ: ಮತ್ತ ಅವ್ವನ ಹೆಸರ ನನ್ನ ತಮ್ಮನ ಕೆಳಗ ಹಾಕ್ಲಾ? ಮಂದಿ ಏನಂದಾರು!

ದಶರಥ: ಹಂಗಾರ ಎರಡನೇ ನಂಬರ ನಮ್ಮ ಸ್ವಾದರತ್ತಿ ಬಾಳಮ್ಮಂದು! ನಮ್ಮ ಕಡೆಯವ್ರೇನ ಹಾದಿ ಮ್ಯಾಗ ಸಿಕ್ಕಾರಾ?

ಒಂದು ಹೆಸರು ಇವಳದು, ಒಂದು ಇವನದು. ಜಿದ್ದಿಗೆ ಬಿದ್ದವರ ಬಾಯಿಗೆ ಬ್ರೇಕ್ ಎಲ್ಲಿಯದು? ಚೌಡಾಪುರದ ಬಸ್ಸು ಎರಡು ಸಲ ಬಂದು ಹೋಯಿತು. ಮಸೂದ ತಲೆ ಎತ್ತದೆ ಕಂಪ್ಯೂಟರ್ ಕುಟ್ಟುತ್ತಲೇ ಇದ್ದ.

ಮಸೂದ: ಖತಂ! ಹನ್ನೊಂದಾದ್ವು.

ದಶರಥ: ನಂದು ಎಷ್ಟನೇ ನಂಬರ?

ಮಸೂದ: ನಿಮ್ಮದು... ಇಲ್ರಿ ದಶರಥಣ್ಣ.

ದಶರಥ ಸ್ಟೂಲಿನಿಂದ ಎದ್ದೇಬಿಟ್ಟ.

ದಶರಥ: ಡಬ್ಬಿ ನಂದು, ಟಿವಿ ನಂದು, ಟೀಮಿನ್ಯಾಗ ನಾನಾ ಇಲ್ಲಾ? ನಿನ್ನ ತಮ್ಮ ಸೂರ್ಯಕಾಂತನ ಹೆಸರ ತೆಗಸ!

ಪಂಚಶೀಲಾ: ಅಲ್ರಿ, ನೀವು ಮನಿಯವರು. ಮನಿಯವರು ಕಡೀ ಪಂಗತಿಗಿ ಉಣಬೇಕು. ಊಟಕ್ಕ ಕುಂತ ಬೀಗರನ್ನ ಎಬ್ಬಿಸಿ ನೀವ ಕುಂಡ್ರತೀರಾ?

ಬಾಳಮ್ಮನನ್ನು ತೆಗೆಸೋಣವೆಂದರೆ ಹಠ ಹಿಡಿದು ಹಾಕಿಸಿದವನು ತಾನೇ. ಇಲ್ಲಿಯೂ ಹನ್ನೆರಡನೆಯವನೇ! ನಾಳೆ ಗೆಳೆಯರಿಗೆ ಯಾವ ಮುಖ ತೋರಿಸುವುದು?

ದಶರಥ: ಮಸೂದ, ನೀರ ಕೊಡಾಂವನ ಜಾಗಾರ ಖಾಲಿ ಅದೇನಪಾ?

ಮಸೂದ: ಅಂಪೈರ್ ಜಾಗ ಖಾಲಿ ಅದ್ರಿ. ಕ್ಯಾಪ್ಟನ್ ಸುದ್ದಾ ಅಂಪೈರ್ ಮಾತ ಕೇಳಬೇಕು.

ದಶರಥ: ಓಪನಿಂಗ್ ಆಡೋರು ಸುದ್ದಾ?

ಮಸೂದ: ಅವರಂತೂ ಮೊದಲ ಕೇಳಬೇಕು.

ದಶರಥ: ಹಾಕ, ಹಾಕ! ದೊಡ್ಡ ಅಕ್ಷರದಾಗ ಹಾಕ!

ಮಸೂದ ಡಬ್ಬಿಗೆ ಪೆನ್‌ಡ್ರೈವ್ ಚುಚ್ಚಿದ. ಅಂಗಡಿಯ ಟಿವಿ ಬೆಳಗಿತು. ಆಟ ಆಡಿಸುವ ಗುಂಡಿಗಳ ರಿಮೋಟನ್ನು ಪಂಚಶೀಲಾ ಕಸಿದುಕೊಂಡಳು. ಆರಡಿ ಎತ್ತರದ, ಎದೆಯುದ್ದ ಗಡ್ಡದ ಒಬ್ಬ ಪೈಲ್ವಾನ ಬ್ಯಾಟು ತಿರುಗಿಸುತ್ತಾ ಬಂದ. ಕೆಳಗೆ ಹೆಸರು, ಸುಭದ್ರಾಬಾಯಿ.

ಪಂಚಶೀಲಾ: ಅಯ್ಯ ಅಯ್ಯ, ನಮ್ಮವ್ವಗ ಗಡ್ಡ!

ಮಸೂದ: ಹೆಸರಷ್ಟ ಬದಲಿ ಆಗ್ತದ್ರಿ ಭಾಭಿ, ಮಾರಿ ಹಳೀದಾ.

ದಶರಥ: ಗಡ್ಡ ಒಂದ ಬಿಟ್ರ ಉಳಿದಿದ್ದೆಲ್ಲಾ ಖರೇನಾ ಅದ.

ಮೊದಲನೇ ಚೆಂಡು ಬಂತು. ಬ್ಯಾಟಿಗೆ ತಾಗದೆ ನೇರ ಕಾಲಿಗೆ ಬಡಿಯಿತು. ಪರದೆಯ ತುಂಬ ಅಂಪೈರ್ ದಶರಥ ಕಾಣಿಸಿಕೊಂಡು, ಗಂಭೀರವಾಗಿ ಬೆರಳು ಮೇಲೆತ್ತಿದ. ಅಂಗಡಿಯ ದಶರಥ ಚಪ್ಪಾಳೆ ತಟ್ಟಿ, ಹೆಂಡತಿಯ ಮುಖ ನೋಡಿ ಕೈ ಕೆಳಗಿಳಿಸಿದ.

ಪಂಚಶೀಲಾ: ನಮ್ಮವ್ವಗ ಮೊದಲನೇ ಬಾಲಿಗೇ ಔಟ್ ಕೊಟ್ರಾ?

ದಶರಥ: ನಾ ಎಲ್ಲಿ ಕೊಟ್ಟೇನಿ? ಡಬ್ಬಿ ಕೊಟ್ಟದ!

ಪಂಚಶೀಲಾ: ಹೆಸರ ಯಾರದದ? ಲಗ್ನ ಆದಾಗಿಂದ ಹೊಟ್ಟ್ಯಾಗ ಇಟಗೊಂಡ ಕುಂತಿದ್ರಿ, ಇವತ್ತ ತೀರಿಸಿಕೊಂಡ್ರಿ!

ದಶರಥ: ಅವರಾ ಸ್ಟಂಪ್ ಮುಂದ ಕಾಲ ಕೊಟ್ಟ ನಿಂತಾರಲ್ಲ!

ಪಂಚಶೀಲಾ: ಮೊಣಕಾಲ ನೋವು ಅಂತ ನೀವಾ ಅಂದ್ರಿ. ಸರಿಯಾಕ ಹೆಂಗ ಬರ್ತದ?

ಬೇರೆ ದಿನವಾಗಿದ್ದರೆ ದಶರಥ ಇಷ್ಟೊತ್ತಿಗೆ ‘ತಪ್ಪಾತು’ ಅನ್ನುತ್ತಿದ್ದ. ಆದರೆ ಟಿವಿಯಲ್ಲಿ ತನ್ನ ಹೆಸರಿನವನು ಇನ್ನೂ ಬೆರಳು ಎತ್ತಿಕೊಂಡೇ ನಿಂತಿದ್ದ. ನಾಳೆ ಗೆಳೆಯರು ಇದನ್ನೇ ನೋಡುತ್ತಾರೆ. ಎಲ್ಲಿಂದಲೋ ಧೈರ್ಯ ಬಂತು.

ದಶರಥ: ಔಟ್ ಅಂದ್ರ ಔಟ್. ಅಂಪೈರ್ ಮಾತಾ ಕಡೀ ಮಾತು!

ಪಂಚಶೀಲಾ ರಿಮೋಟನ್ನು ಮೆಲ್ಲಗೆ ಕೌಂಟರ್ ಮೇಲಿಟ್ಟಳು.

ಪಂಚಶೀಲಾ: ಮಸೂದ್ ಭಾಯ್, ಈ ಅಂಪೈರ್ ಮ್ಯಾಗ ಇನ್ಯಾರೂ ಇಲ್ಲೇನ್ರಿ?

ಮಸೂದ: ಥರ್ಡ್ ಅಂಪೈರ್ ಇರ್ತಾನ್ರಿ. ಹೆಸರ ಇನ್ನಾ ಬರ್ದಿಲ್ಲ.

ಪಂಚಶೀಲಾ: ನಂದ ಬರೀರಿ.