ಆಡು ಕಟ್ಟಿರೋದು

ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ ಮಂಜುಳ ಎಂದಿನ ಹಾಗೆ ಎರಡು ಲೋಟ ಕಾಫಿ ಬಸಿದಳು. ಹಾಲಿಲ್ಲದ ಕಾಫಿ. ಎರಡನೆಯ ಲೋಟವನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ಹಿತ್ತಲಲ್ಲಿ ಆಡು ಕೂಗಿತು. ಸಾವಿನ ಮನೆಯಲ್ಲಿ ಮೊದಲು ಗಂಟಲು ಬಿಚ್ಚುವುದಕ್ಕೆ ಆಡಿಗೆ ಸಂಕೋಚವಿಲ್ಲ. ಇಷ್ಟು ದಿನ ಯಾರು ಯಾರೋ ಅದಕ್ಕೆ ಸೊಪ್ಪು ಹಾಕಿದ್ದರು, ಯಾರು ಯಾರೋ ಹಾಲು ಕರೆದುಕೊಂಡಿದ್ದರು. ಇವತ್ತು ಬೇರೆ ಯಾರೂ ಇರಲಿಲ್ಲ. ಅವಳೇ ಹೋದಳು.

ಆಡಿನ ಕೆಚ್ಚಲು ಒಂದು ಕಡೆ ಊದಿ ಕೆಂಪಗಾಗಿತ್ತು. ಮುಟ್ಟಿದರೆ ಸುಡುತ್ತಿತ್ತು. ಹಿಂಡಿದರೆ ಒಡೆದ ಮೊಸರಿನಂಥ ಗರಣೆ ಬಂತು.

ಆ ಆಡು ಅವಳದಲ್ಲ ಎನ್ನುವುದೇ ತೊಂದರೆ. ಮಂಜುಳ ಮೈಸೂರಿನ ತಾಯಿಮನೆಗೆ ಹೋಗಿ ಬರುವಷ್ಟರಲ್ಲಿ ಅದು ಹಿತ್ತಲಲ್ಲಿತ್ತು, ಅವಳ ಗಂಡ ದೊಡ್ಡಣ್ಣ ಮೇಷ್ಟ್ರು ಜ್ವರದಲ್ಲಿ ಮಲಗಿದ್ದರು. ಆಡಿನ ವಿಷಯ ಕೇಳುವುದಕ್ಕೆ ಪುರಸೊತ್ತಾಗಲಿಲ್ಲ. ಕೊನೆಯ ರಾತ್ರಿ ಅವರೇ ಕಣ್ಣು ಬಿಟ್ಟು ಹೇಳಿದರು: "ಆಡು ಕಟ್ಟಿರೋದು ಗುಂಡಮ್ಮಂದು. ಮರೀದೆ ಕೊಟ್ಬಿಡು."

ಕೆಲವರು ಹೋಗುವಾಗ ದೇವರ ಹೆಸರು ಹೇಳುತ್ತಾರಂತೆ. ಮೇಷ್ಟ್ರು ಗುಂಡಮ್ಮನ ಹೆಸರು ಹೇಳಿ ಹೋದರು.

ಗುಂಡಮ್ಮ ಊರಾಚೆಯ ಹಟ್ಟಿಯವಳು. ಅವಳ ನಾಲಿಗೆ ಕುರಿಯ ತುಪ್ಪಟ ಕತ್ತರಿಸುವ ಕತ್ತರಿ ಎಂದು ಊರವರ ಮಾತು. ಮಗಳ ಬಾಣಂತನಕ್ಕೆ ನಂಗವಳ್ಳಿಗೆ ಹೋಗಿದ್ದವಳು ಇವತ್ತು ಸಾಯಂಕಾಲ ಬರುತ್ತಾಳೆಂದು ಸುದ್ದಿ ಬಂದಿತ್ತು. ಅವಳು ಬರುವುದರೊಳಗೆ ಆಡು ನೆಟ್ಟಗಾಗಬೇಕು. ಸತ್ತವರ ಮೇಲೆ ಒಬ್ಬರೂ ಒಂದು ಮಾತು ಆಡಬಾರದು. ಮಂಜುಳನಿಗೆ ಬೇರೇನೂ ಬೇಕಾಗಿರಲಿಲ್ಲ.

ಪಕ್ಕದ ಮನೆಯ ಕಾಳಿಯಮ್ಮನ ತಲೆ ಗೋಡೆಯ ಮೇಲೆ ಸೋರೆಕಾಯಿಯಂತೆ ಮೂಡಿತು.

"ಅಯ್ಯಯ್ಯೋ ಮಂಜುಳಮ್ಮ, ಮಡಿ ಕೆಟ್ಟೋಗೈತೆ! ಮಡೀನ ಇಂಗಾ ಬುಡೋದು? ನೀನೇ ನೋಡ್ಕೋಬೇಕಲ್ಲ!"

ಮಂಜುಳನಿಗೆ ಕೆನ್ನೆಗೆ ಹೊಡೆದಂತಾಯಿತು. ಸೂತಕ ಕಳೆದು ಎಲ್ಲ ಶುದ್ಧಿಯಾಗಿತ್ತು. ಆದರೂ ಇನ್ನೇನೋ ಉಳಿದಿರಬೇಕು. ಅವಳ ಅಜ್ಜಿ ಮಡಿಯಲ್ಲಿದ್ದಾಗ ಮಕ್ಕಳ ನೆರಳನ್ನೂ ಸೋಕಿಸಿಕೊಳ್ಳುತ್ತಿರಲಿಲ್ಲ. ಮಂಜುಳ ಬಾವಿಯಿಂದ ನೀರು ಸೇದಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಕೊಡಗಟ್ಟಲೆ ಸುರಿದುಕೊಂಡು, ನಡುಗುತ್ತ ಬಂದು ಆಡಿನ ಪಕ್ಕ ಕುಳಿತಳು.

"ಇದ್ಯಾಕವ್ವ ನೀರ್ ಉಯ್ಕೊಂಡೆ?"

"ಮಡಿ ಕೆಟ್ಟಿದೆ ಅಂದಿರಲ್ಲ."

ಕಾಳಿಯಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಸಾವಿನ ಮನೆಯಲ್ಲಿ ನಗಬಾರದೆಂದು ತಡೆದಷ್ಟೂ ಅವಳ ಭುಜ ಕುಣಿಯಿತು. "ನಿನ್ ಮಡಿ ಯಾರ್ ಕೇಳುದ್ರು ತಾಯಿ! ಆಡಿನ್ ಮಡಿ! ಕೆಚ್ಲು, ಕೆಚ್ಲು!"

ತಮಿಳುನಾಡಿನೊಳಗಿನ ಈ ಕಡೆಯ ಕನ್ನಡದವರ ಮಾತು ಹೀಗೆ. ಕನ್ನಡದಲ್ಲಿ ನಡೆಯುತ್ತಿದ್ದದ್ದು ನಡುವೆ ಬೇಲಿ ಹಾರಿ ತಮಿಳಿನ ಹೊಲದಲ್ಲಿ ನಾಲ್ಕು ಬಾಯಿ ಮೇದು ಬರುತ್ತದೆ. ತಮಿಳಿನಲ್ಲಿ ಮಡಿ ಎಂದರೆ ಕೆಚ್ಚಲು. ಮಂಜುಳ ಮೈಸೂರಿನಲ್ಲಿ ಕನ್ನಡ ಓದಿ ಬಿ.ಎ. ಮಾಡಿದ್ದಳು, ಅದು ಇಲ್ಲಿ ಉಪಯೋಗಕ್ಕೆ ಬಂದದ್ದು ಕಡಿಮೆ.

"ಇದು ಗುಂಡಮ್ಮನ ಆಡು ತಾನೆ?" ಎಂದು ಕೇಳಿದಳು.

ಗೊತ್ತಿಲ್ಲ ಎಂಬ ಮಾತು ಕಾಳಿಯಮ್ಮನ ಬಾಯಿಂದ ಎಂದೂ ಬಂದದ್ದಲ್ಲ. "ಇನ್ಯಾರ್ದು? ಕಿವಿ ನೋಡುದ್ರೆ ತಿಳೀತೈತೆ. ಅವಳ್ ಆಡ್ಗೆಲ್ಲ ಇಂಥದೇ ಕಿವಿ."

ಆ ಊರಿನ ಆಡುಗಳಿಗೆಲ್ಲ ಅಂಥದೇ ಕಿವಿ.

ಕಾಳಿಯಮ್ಮ ಅರಿಶಿನ ಸುಣ್ಣ ಕಲಸಿ ಹಚ್ಚಿದಳು. ಆಡು ಒದ್ದು ಅದನ್ನು ಅವಳಿಗೇ ಹಚ್ಚಿತು. ಅಷ್ಟರಲ್ಲಿ ಟೀ ಅಂಗಡಿಯ ಚಿನ್ನಪ್ಪ ಸೊಂಟದಲ್ಲಿ ಒಂದು ಟ್ಯೂಬು ಸಿಕ್ಕಿಸಿಕೊಂಡು ಬಂದ. ಅದು ಬಿಸ್ಕತ್ತಿನ ಡಬ್ಬಿಯ ಹಿಂದೆ ಇಟ್ಟಿರುತ್ತಿದ್ದ ಪೆನ್ಸಿಲಿನ್ ಮುಲಾಮು.

"ಪೊಂಗಲ್ನಾಗೆ ಒಡ್ದಿದ್ದು. ಇನ್ನೂ ಐತೆ ನೋಡಿ," ಎಂದು ಟ್ಯೂಬನ್ನು ಬೆಳಕಿಗೆ ಎತ್ತಿ ಹಿಡಿದ. "ಒಂದೊಂದು ಆಡ್ಗೆ ಒಂದೊಂದು ಕಡ್ಲೆಕಾಳಷ್ಟು. ಇಡೀ ಬೀದಿ ಆಡು ಇದ್ರಾಗೇ ಉಳ್ದಿದ್ದು."

ಅವನು ಟ್ಯೂಬಿನ ಮೂತಿಯನ್ನು ಹೆಗಲ ಟವಲಿಗೆ ಒರೆಸಿ, ಆಡಿನ ಮೊಲೆಗೆ ಇಟ್ಟು, ಕಡಲೆಕಾಳಿನಷ್ಟು ಒತ್ತಿದ. ಆಡು ಅವನ ಮಂಡಿಗೆ ಒದೆಯಿತು.

"ಔಸ್ತಿ ಇಡೀತು," ಎಂದ ಚಿನ್ನಪ್ಪ, ಮಂಡಿ ಉಜ್ಜಿಕೊಂಡು.

ಬಿಸಿಲೇರುವ ಹೊತ್ತಿಗೆ ಕೆಚ್ಚಲು ಇನ್ನಷ್ಟು ಊದಿ, ಆಡು ಸೊಪ್ಪಿಗೂ ಬಾಯಿ ಹಾಕಲಿಲ್ಲ. ಮಂಜುಳ ಗೂಟದಿಂದ ಹಗ್ಗ ಬಿಚ್ಚಿದಳು. ಹರೂರಿನ ದನದ ಆಸ್ಪತ್ರೆಗೆ ಬಸ್ಸು ಹತ್ತಬೇಕು. ಹೆಂಗಸೊಬ್ಬಳೇ ಆಡು ಹೊಡೆದುಕೊಂಡು ಹೋಗುವುದು ಸರಿಯಲ್ಲವೆಂದು ಚಿನ್ನಪ್ಪನೂ ಹೊರಟ. ತನ್ನ ಔಷಧಿ ಸರಿಯೆಂದು ಡಾಕ್ಟರ ಬಾಯಿಂದಲೇ ಕೇಳುವ ಆಸೆಯೂ ಅವನಿಗಿತ್ತು.

ಕಂಡಕ್ಟರ್ ಆಡಿಗೂ ಒಂದು ಟಿಕೆಟ್ ಹರಿದುಕೊಟ್ಟ. ಸೊಪ್ಪು ತಿನ್ನದ ಆಡು ಮಂಜುಳನ ಕೈಯಿಂದ ಆ ಟಿಕೆಟನ್ನು ತೆಗೆದುಕೊಂಡು ತಿಂದಿತು. ಮುಂದಿನ ಸ್ಟಾಪಿನಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಹತ್ತಿದ.

"ಆಟ್ಟುಕ್ಕು ಟಿಕೆಟ್ ಎಂಗೆ?" ಆಡಿನ ಟಿಕೆಟ್ ಎಲ್ಲಿ ಎಂದು ತಮಿಳಿನಲ್ಲಿ ಕೇಳಿದ.

"ಆಡತ್ರಾನೇ ಐತೆ ಸಾರ್," ಎಂದ ಚಿನ್ನಪ್ಪ. "ಒಳಗಡೆ."

ಬಸ್ಸೆಲ್ಲ ನಕ್ಕಿತು. ಇನ್ಸ್‌ಪೆಕ್ಟರ್ ನಗಲಿಲ್ಲ. ಆಡಿಗೆ ಇನ್ನೊಂದು ಟಿಕೆಟ್ ಆಯಿತು. ಮಂಜುಳ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. "ಅವರಿದ್ದಿದ್ದರೆ ಇದನ್ನು ಮನೆಗೆ ಬಂದು ಹೇಳಬಹುದಿತ್ತು" ಎಂದುಕೊಂಡಳು. ಆಮೇಲೆ ಹರೂರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಡಾಕ್ಟರ್ ಕುಪ್ಪಸ್ವಾಮಿ ಹೊಸೂರಿನಲ್ಲಿ ಕೆಲಸ ಮಾಡಿದ್ದವರು, ಕನ್ನಡ ಬರುತ್ತಿತ್ತು. ಕೆಚ್ಚಲು ಒತ್ತಿ ನೋಡಿ, "ಏನು ಹಾಕಿದ್ರಿ ಇದಕ್ಕೆ?" ಎಂದರು.

ಚಿನ್ನಪ್ಪ ಸೊಂಟದಿಂದ ಟ್ಯೂಬು ತೆಗೆದು ಮೇಜಿನ ಮೇಲೆ ಇಟ್ಟ. ಕಳುವಾದ ಬಿಂದಿಗೆಯನ್ನು ಕಳ್ಳನೇ ತಂದಿಟ್ಟಾಗ ಪೊಲೀಸಿನವರು ನೋಡುವ ಹಾಗೆ ಡಾಕ್ಟರು ಅದನ್ನು ನೋಡಿದರು.

"ಎಷ್ಟು ಆಡಿಗೆ ಇದು?"

"ಬೀದಿಗೆಲ್ಲ ಸಾರ್."

"ಎಲ್ಲದಕ್ಕೂ ಇದೇ ಮೂತೀಲಾ?"

"ಒರುಸ್ಕೊಂಡೇ ಸಾರ್ ಆಕೋದು. ಟವಲ್ನಾಗೆ."

ಡಾಕ್ಟರು ಟ್ಯೂಬನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಅಯ್ಯಾ, ಇದು ಸ್ಟೆಫೈಲೋಕಾಕಸ್ ಅಂತ ಒಂದು ಕ್ರಿಮಿ. ಪೂರ್ತಿ ಔಷಧಿ ಕೊಟ್ಟರೆ ಸಾಯ್ತಿತ್ತು. ನೀವು ಕಡ್ಲೆಕಾಳಷ್ಟು ಕೊಟ್ಟು ಕೊಟ್ಟು, ಬಡಪಾಯಿ ಕ್ರಿಮಿ ಸತ್ತು, ಗಟ್ಟಿ ಕ್ರಿಮಿ ಉಳ್ಕೊಂಡು ವಂಶ ಬೆಳೆಸಿದೆ. ಒಂದು ಆಡಿಂದ ಇನ್ನೊಂದಕ್ಕೆ ಅದನ್ನ ಹೊತ್ಕೊಂಡು ಹೋದದ್ದು ಈ ಮೂತಿ, ನಿಮ್ಮ ಕೈ. ಹೋದ ಸಲ ನಿಮ್ಮೂರಿಂದ ಬಂದ ಆಡಿನ ಹಾಲು ಪರೀಕ್ಷೆಗೆ ಕಳಿಸಿದ್ದೆ. ಪಕ್ಕದಲ್ಲೇ ಪೆನ್ಸಿಲಿನ್ ಇಟ್ಟರೂ ಕ್ರಿಮಿ ಸುಖವಾಗಿ ಬೆಳೀತಂತೆ. ಅದಕ್ಕೆ ಈಗ ಪೆನ್ಸಿಲಿನ್ ಅಂದ್ರೆ ಸಕ್ಕರೆ ಪೊಂಗಲ್."

"ಅಂಗಾರೆ ನಮ್ಮೂರ್ ಕ್ರಿಮಿ ಪರೀಕ್ಸೇಲಿ ಪಾಸಾಗೈತೆ ಅನ್ನಿ," ಎಂದ ಚಿನ್ನಪ್ಪ.

ಡಾಕ್ಟರು ಮಂಜುಳನ ಕಡೆ ತಿರುಗಿದರು. "ನಿಮ್ಮ ಯಜಮಾನರಿಗೆ ನೀವಾದ್ರೂ ಬುದ್ಧಿ ಹೇಳಬಾರದೇನಮ್ಮ?"

"ಇವರು ಟೀ ಅಂಗಡಿಯವರು," ಎಂದಳು ಮಂಜುಳ.

ಡಾಕ್ಟರ ಕಣ್ಣು ಅವಳ ಬರಿದಾದ ಹಣೆಯ ಮೇಲೆ ಬಿತ್ತು. ಅವರು ದನಿ ತಗ್ಗಿಸಿ ಹೇಳಿದರು: ಬೇರೆ ಇಂಜೆಕ್ಷನ್ ಕೊಡುತ್ತೇನೆ, ಹಿಡಿದರೆ ಹಿಡಿಯಿತು. ಆ ಕಡೆಯ ಕೆಚ್ಚಲು ಬತ್ತಿದರೂ ಬತ್ತಬಹುದು. ಹಾಲು ಯಾರೂ ಕುಡಿಯಬಾರದು, ಹಿಂಡಿ ಗುಂಡಿಗೆ ಹಾಕಬೇಕು. ಮುಟ್ಟಿದ ಮೇಲೆ ಕೈಗೆ ಸೋಪು. ಬೇರೆ ಆಡುಗಳ ಜೊತೆ ಕಟ್ಟಬಾರದು.

"ಇದು ನಮ್ಮದಲ್ಲ," ಎಂದಳು ಮಂಜುಳ. "ಇವತ್ತು ವಾಪಸು ಕೊಡಬೇಕು."

"ಕೊಟ್ಟರೆ ಅವರ ಹಟ್ಟಿಯೆಲ್ಲ ಹಾಳು. ಕೊಡಬೇಡಿ."

ಮರಳುವ ಬಸ್ಸಿನಲ್ಲಿ ಅವಳ ಕಿವಿಯಲ್ಲಿ ಎರಡೇ ಮಾತು. ಸತ್ತವರು ಮರೆಯದೆ ಕೊಡು ಎಂದಿದ್ದರು. ಬದುಕಿದ್ದವರು ಕೊಡಬೇಡ ಎಂದಿದ್ದರು. ಗುಂಡಮ್ಮನ ಬೈಗುಳವೆಲ್ಲ ತಾನೇ ನಿಂತು ಕೇಳಿಸಿಕೊಳ್ಳುವುದು, ಅವರ ಹೆಸರಿಗೆ ತಾಗಲು ಬಿಡದಿರುವುದು, ಇಷ್ಟನ್ನು ಅವಳು ಊರು ಬರುವುದರೊಳಗೆ ಗಟ್ಟಿಮಾಡಿಕೊಂಡಳು.

ಗುಂಡಮ್ಮ ಆಗತಾನೆ ಬಂದು ಗಂಟು ಇಳಿಸುತ್ತಿದ್ದಳು. ಮಂಜುಳ ಹಟ್ಟಿಯಿಂದ ದೂರದಲ್ಲೇ ಹುಣಸೆಮರದ ಕೆಳಗೆ ಆಡು ಹಿಡಿದು ನಿಂತಳು. ಚಿನ್ನಪ್ಪ ಇನ್ನೂ ದೂರದಲ್ಲಿ ನಿಂತ.

"ಮೇಷ್ಟ್ರು ಓದ್ರು ಅಂತ ನಂಗವಳ್ಳೀಲೇ ಕೇಳ್ದೆ," ಎಂದು ಗುಂಡಮ್ಮ ಹತ್ತಿರ ಬಂದಳು. "ಎಳೇ ಬಾಣಂತೀನ ಬುಟ್ಟು ಬರಾಕಾಗ್ಲಿಲ್ಲ ತಾಯಿ."

"ಹತ್ತಿರ ಬರಬೇಡಿ," ಎಂದು ಮಂಜುಳ ಒಂದೇ ಉಸಿರಿನಲ್ಲಿ ಶುರುಮಾಡಿದಳು. "ನಿಮ್ಮ ಆಡಿಗೆ ಕೆಚ್ಚಲು ಬಾವು, ಬೇರೆ ಆಡಿಗೂ ಅಂಟುತ್ತಂತೆ. ನಾನು ನೋಡಿಕೊಳ್ಳಲಿಲ್ಲ, ತಪ್ಪು ನನ್ನದು. ವಾಸಿಯಾಗೋವರೆಗೂ ನಮ್ಮಲ್ಲೇ ಇರಲಿ. ಅವರನ್ನು ಏನೂ ಅನ್ನಬೇಡಿ."

ಗುಂಡಮ್ಮ ಆಡನ್ನು ನೋಡಿದಳು. ಆಡು ಗುಂಡಮ್ಮನನ್ನು ನೋಡಿತು. ಇಬ್ಬರಿಗೂ ಪರಿಚಯವಿದ್ದಂತೆ ಕಾಣಲಿಲ್ಲ.

"ಇದು ನನ್ ಆಡಾ? ನನ್ ಆಡ್ಗೆ ಇಂಥ ಕಿವಿನಾ?" ಗುಂಡಮ್ಮನ ದನಿ ಏರಿತು. "ಇದು ನಿಮ್ದೇ ಕಣವ್ವ! ಮೇಷ್ಟ್ರು ಹರೂರ್ ಸಂತೇಲಿ ಇಡ್ಕೊಂಡು ಬಂದಿದ್ದು. ಮಾರ್ದೋನು ಕತ್ತಿನ್ ಅಗ್ಗ ಬಿಚ್ಕೊಂಡವ್ನೆ. ಮಾರೋರು ಯಾರಾನ ಅಗ್ಗ ಕೊಟ್ಟಾರಾ? ಹಟ್ಟಿ ಲಕ್ಷ್ಮಿ ಅದ್ರ ಜೊತೇಲೇ ಓಯ್ತಾಳೆ. ಇವ್ರು ಅಗ್ಗ ಕೊಳ್ಳೋದು ಬುಟ್ಟು, ಕೂಸಿನ್ ತರ ತಬ್ಕೊಂಡೇ ಬಸ್ ಇಳುದ್ರು. ನಾನು ನಕ್ಕೂ ನಕ್ಕೂ, ಕಡೇಗೆ ಕಟ್ಟಾಕಳ್ಳಿ ಅಂತ ನನ್ ಅಗ್ಗ ಕೊಟ್ಟೆ."

"ಯಾಕೆ ಕೊಂಡರು?" ಎಂದಳು ಮಂಜುಳ.

"ನಾನೂ ಅದ್ನೇ ಕೇಳ್ದೆ, ಮೇಷ್ಟ್ರಿಗ್ಯಾಕೆ ಆಡು ಅಂತ. 'ನಮ್ಮನೇವ್ಳು ಮೈಸೂರೋಳು, ಆಲಿಲ್ದಿರೋ ಕಾಪಿ ಕುಡಿಯೋವಾಗ ಮೊಕ ಇಂಡ್ತಾಳೆ' ಅಂದ್ರು."

ಆಡು ಕಟ್ಟಿರೋದು ಗುಂಡಮ್ಮಂದು. ಆಡನ್ನು ಯಾವುದರಿಂದ ಕಟ್ಟಿದೆಯೋ ಅದು, ಆ ಹಗ್ಗ. ಆ ಜ್ವರದ ಬಾಯಿಯಲ್ಲೂ ವ್ಯಾಕರಣ ತಪ್ಪಿರಲಿಲ್ಲ. ಆಡು ಎಂಬ ಮಾತಿನ ಮುಂದೆ ಇಲ್ಲದ ಅಲ್ಪವಿರಾಮ ಹಾಕಿಕೊಂಡದ್ದು ಬಿ.ಎ. ಓದಿದವಳು.

ಬೆಳಿಗ್ಗೆಯಿಂದ ನಮ್ಮದಲ್ಲ ನಮ್ಮದಲ್ಲ ಎಂದು ಸಾರಿಕೊಂಡು ಬಂದ ಆಡು ಅವಳದೇ ಆಯಿತು. ಹಾಲು ಕುಡಿಯುವಂತಿಲ್ಲ. ಬೇರೆಯವರಿಗೆ ಕೊಡುವಂತಿಲ್ಲ.

"ಅಗ್ಗ ತಂದ್ಯಲ್ಲ, ಸಾಕು," ಎಂದಳು ಗುಂಡಮ್ಮ. ಕತ್ತರಿಯಂಥ ನಾಲಿಗೆ ಮೊಂಡಾಗಿತ್ತು. "ನಮ್ಮೋರು ಸಾಯೋಕ್ ಮುಂಚೆ ಕಡೇಲಿ ಒಸ್ದಿದ್ದ ಅಗ್ಗ ಅದೊಂದೇ ಕಣವ್ವ. ಬೇರೇದಾಗಿದ್ರೆ ಕೇಳ್ತಿರ್ಲಿಲ್ಲ."

ಆಡಿನ ಕತ್ತಿನ ಗಂಟು ಮೇಷ್ಟ್ರು ಹಾಕಿದ್ದು. ಇಡೀ ದಿನ ಗೂಟದ ಕಡೆಯ ಗಂಟನ್ನೇ ಬಿಚ್ಚಿ ಕಟ್ಟಿ ಮಾಡಿದ್ದಳು, ಇದನ್ನು ಮುಟ್ಟಿರಲಿಲ್ಲ. ಆಡು ಕಟ್ಟಿ ಅಭ್ಯಾಸವಿಲ್ಲದವರ ಗಂಟು, ಗೋಜಲು ಗೋಜಲು. ಉಗುರಿನಲ್ಲಿ ಬಿಡಿಸಲು ಹೊತ್ತು ಹಿಡಿಯಿತು. ಅವಳಿಗೆ ಅವಸರವೇನೂ ಇರಲಿಲ್ಲ.

ಗಂಟು ಬಿಚ್ಚಿದ್ದೇ ಆಡು ಗುಂಡಮ್ಮನ ಹಟ್ಟಿಯ ಕಡೆ ಹೊರಟಿತು.

"ಇಡ್ಕೊಳೇ! ಇಡ್ಕೋ!" ಎಂದು ಗುಂಡಮ್ಮ ಕಿರುಚಿದಳು. ಚಿನ್ನಪ್ಪ ಮಂಡಿ ನೆನಪಾಗಿ ಮರದ ಹಿಂದೆ ಸರಿದ. ಮಂಜುಳ ಓಡಿ ಆಡನ್ನು ಕೂಸಿನಂತೆ ತಬ್ಬಿ ಹಿಡಿದಳು. ಹಾಗೇ ತಬ್ಬಿಕೊಂಡು ಕಲ್ಲಿನ ತೊಟ್ಟಿಯ ಹತ್ತಿರ ಕುಳಿತು, ಸೋಪು ತರಿಸಿ, ಒಂದೇ ಕೈಯಲ್ಲಿ ಹಗ್ಗವನ್ನು ಉಜ್ಜಿ ಉಜ್ಜಿ ತೊಳೆದು, ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಗುಂಡಮ್ಮನ ಕೈಗೆ ನೀಡಿದಳು.

"ಇದ್ಯಾಕವ್ವ ನೆನ್ಸಿ ಕೊಟ್ಟೆ?"

"ಮಡಿ ಮಾಡಿ ಕೊಟ್ಟಿದೀನಿ," ಎಂದಳು ಮಂಜುಳ.