ಟೈಲರ್ ಹಾಕಿಸಿದ ದೊಡ್ಡ ಟೈರು

ಇರಲಾರದೆ ಇರುವೆ ಬಿಟ್ಟುಕೊಂಡವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ನಮ್ಮ ಟೈಲರ್ ಯಜಮಾನರು ಯಾರನ್ನೂ ತಳ್ಳದೆ ತಾವಾಗಿಯೇ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಾರೆ. ಅವರ ಪಿಕಪ್ ಗಾಡಿಗೆ ಏನೂ ಆಗಿರಲಿಲ್ಲ. ಹಿಂದಿನ ಮಾಲೀಕ ಕಲ್ಲು ದಾರಿಯಲ್ಲಿ ಓಡಿಸಲೆಂದು ಅದರ ಮೈಯನ್ನು ಚಕ್ರಗಳಿಂದ ಮೇಲಕ್ಕೆ ಎತ್ತಿಸಿದ್ದ. ಭಾನುವಾರ ಬಂತೆಂದರೆ ಯಜಮಾನರು ಅಂಗಡಿಗೆ ಬೀಗ ಹಾಕಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಗುಡ್ಡಕ್ಕೆ ಹೊರಡುತ್ತಿದ್ದರು.

ಈ ಸವಾರಿಯನ್ನು ಹಗುರವಾಗಿ ಕಾಣಬೇಡಿ. ವಾರವಿಡೀ ಯಜಮಾನರ ತುಟಿಗಳ ನಡುವೆ ಗುಂಡುಸೂಜಿಗಳಿರುತ್ತವೆ. ಹೆಂಡತಿ ಏನೇ ಕೇಳಲಿ, ಉತ್ತರ "ಹ್ಞೂಂ", ಇಲ್ಲವೇ "ಊಹ್ಞೂಂ". (ಯಾವುದು ಯಾವುದೆಂದು ಆಕೆಗೂ ಇನ್ನೂ ಪೂರ್ತಿ ಪತ್ತೆಯಾಗಿಲ್ಲ.) ಗಂಡ ಹೆಂಡತಿ ಬಾಯಿತುಂಬ ಮಾತಾಡುತ್ತಿದ್ದುದು ಆ ಗಾಡಿಯ ಮುಂದಿನ ಸೀಟಿನಲ್ಲಿ ಮಾತ್ರ.

ಹೀಗಿರುವಾಗ ಒಂದು ದಿನ ಗ್ಯಾರೇಜಿನ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನು ದಿಟ್ಟಿಸಿದ. "ಯಜಮಾನ್ರೇ, ಮೈ ನೋಡಿದ್ರೆ ಪೈಲ್ವಾನ, ಕಾಲು ನೋಡಿದ್ರೆ ಎಳೆ ಮಗು. ಟೈರು ಅಳತೆಗೆ ಸಾಲ್ತಿಲ್ಲ."

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಟೈಲರ್ ಎದುರು ಅಳತೆ ಸರಿಯಿಲ್ಲವೆನ್ನುವುದೂ ಅಡುಗೆಯವನ ಎದುರು ಉಪ್ಪಿಲ್ಲವೆನ್ನುವುದೂ ಒಂದೇ. ಯಜಮಾನರು ಬಗ್ಗಿ ನೋಡಿದರು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಷ್ಟಗಲ ಜಾಗ, ಸಣಕಲು ಕತ್ತಿಗೆ ದೊಡ್ಡ ಕಾಲರ್ ಹಾಕಿದಂತೆ! ಇಷ್ಟು ದಿನ ಇಂಥ ದೊಗಳೆ ಗಾಡಿಯಲ್ಲಿ ಊರೆಲ್ಲ ಸುತ್ತಿದೆನಲ್ಲ ಎಂದು ಅವರ ಮಾನ ಹೋದಂತಾಯಿತು. ಕುತ್ತಿಗೆಯ ಟೇಪು ಇಳಿಸಿ ಆ ಜಾಗವನ್ನು ಮೂರು ಮೂರು ಸಲ ಅಳೆದರು. ಅದಕ್ಕೆ ತಕ್ಕ ಭೀಮಕಾಯದ ಟೈರುಗಳು ಬಂದವು.

ಜೋಡಿಸಿದ್ದಾಯಿತು. ಚಕ್ರ ನೇರವಿದ್ದಾಗ ಗಾಡಿ ರಾಜಗಾಂಭೀರ್ಯದಿಂದ ನಿಂತಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದ ಕೂಡಲೇ ಟೈರು ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ "ಕರ್ರ್" ಎಂದಿತು.

"ಅಷ್ಟು ಕತ್ತರಿಸಿಬಿಟ್ರೆ ಆಯ್ತು," ಎಂದ ಮೇಸ್ತ್ರಿ.

"ಕತ್ತರಿಸೋ ಕೆಲಸ ನಂಗೆ ಬಿಡಪ್ಪ," ಎಂದು ಯಜಮಾನರು ಮುಂದೆ ಬಂದರು. ಟೈರು ಎಲ್ಲಿ ತಗಲುತ್ತದೆಂದು ನೋಡಿ, ಜೇಬಿನ ಸೀಮೆಸುಣ್ಣ ತೆಗೆದು ಚಂದದೊಂದು ಗೆರೆ ಎಳೆದು, ಗೆರೆಗಿಂತ ಅರ್ಧ ಇಂಚು ಹೊರಗೆ ನೀಟಾಗಿ ಕತ್ತರಿಸಿದರು. ಮತ್ತೆ ತಿರುಗಿಸಿದರೆ ಮತ್ತೆ "ಕರ್ರ್"! ಉಜ್ಜುತ್ತಿದ್ದುದು ಸರಿಯಾಗಿ ಅದೇ ಅರ್ಧ ಇಂಚು.

"ಯಾಕೆ ಬಿಟ್ರಿ ಇದನ್ನ?"

"ಮಡಿಸಿ ಹೊಲಿಯೋಕೆ ಬೇಡ್ವಾ?" ಎಂದು ಹೇಳಿದ ಮೇಲೆ ಯಜಮಾನರಿಗೆ ತಾವು ಹೇಳಿದ್ದೇನೆಂದು ತಿಳಿಯಿತು. ಮೇಸ್ತ್ರಿ ನಗು ತಡೆಯಲು ಗಾಡಿಯ ಅಡಿಗೆ ಹೋಗಿ ಮಲಗಿದ. ಅಲ್ಲಿಂದಲೇ ಕೂಗಿದ: "ಯಜಮಾನ್ರೇ, ಬಾಗಿಲ ಕೆಳಗೆ ಹತ್ತೋಕೆ ಅಂತ ಒಂದು ಮೆಟ್ಟಿಲು ಪಟ್ಟಿ ಇದೆಯಲ್ಲ, ಅದಕ್ಕೂ ಟೈರು ತಗಲ್ತಿದೆ. ತೆಗೆದುಬಿಡ್ಲಾ?"

"ತೆಗಿ, ತೆಗಿ. ಯಾರಿಗೆ ಬೇಕು ಅದು!"

ಈ ಮಾತು ನೆನಪಿರಲಿ. ಯಜಮಾನರಿಗಂತೂ ಇವತ್ತಿಗೂ ನೆನಪಿದೆ.

ಭಾನುವಾರ ಬಂತು. ಹೆಂಡತಿ ಗಂಡನೇ ಹೊಲಿದಿದ್ದ ಉದ್ದನೆಯ ಸ್ಕರ್ಟು ತೊಟ್ಟು, ಫ್ಲಾಸ್ಕು ಹಿಡಿದು ಹೊರಗೆ ಬಂದಳು. ರೂಢಿಯಂತೆ ಬಾಗಿಲು ತೆಗೆದು ಕಾಲೆತ್ತಿದಳು. ಕಾಲಿಡುವ ಜಾಗದಲ್ಲಿ ಬರೀ ಗಾಳಿ! ಸೀಟು ಆಕೆಯ ಎದೆಯ ಮಟ್ಟಕ್ಕಿತ್ತು.

"ರೀ, ನನ್ನ ಮೆಟ್ಟಿಲೆಲ್ಲಿ?"

"ಒಂಚೂರು ಎಗರು. ಹಿಂದಿನಿಂದ ನಾನು ಎತ್ತಿ ಕೊಡ್ತೀನಿ."

"ಎತ್ತಿ ಹಾಕೋಕೆ ನಾನೇನು ಮೂಟೆನಾ?"

ಆದರೂ ಪಾಪ, ಎಗರಿದಳು. ಯಜಮಾನರು ಶಕ್ತಿಮೀರಿ ಎತ್ತಿದರು. ಅಕ್ಕಪಕ್ಕದವರು ಕಿಟಕಿಗಳಲ್ಲಿ ಹಾಜರಾದರು. ಅಷ್ಟರಲ್ಲಿ ಇಡೀ ಬೀದಿಗೆ ಕೇಳುವಂತೆ "ಪರ್ರ್" ಎಂದು ಸ್ಕರ್ಟಿನ ಹೊಲಿಗೆ ಬಿಟ್ಟಿತು. ಯಾರ ಹೊಲಿಗೆಯೆಂದು ಮತ್ತೆ ಹೇಳಬೇಕಿಲ್ಲ.

ಹೆಂಡತಿ ಕೆಳಗಿಳಿದಳು. ಬೈದಿದ್ದರೆ ಯಜಮಾನರು ಬದುಕಿಕೊಳ್ಳುತ್ತಿದ್ದರು. ಆಕೆ ಬೈಯಲಿಲ್ಲ. ಹರಿದದ್ದನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಫ್ಲಾಸ್ಕನ್ನು ಸೀಟಿನ ಮೇಲಿಟ್ಟು, "ಇದಾದ್ರೆ ಹತ್ತುತ್ತೆ. ಇದನ್ನೇ ಕರ್ಕೊಂಡು ಹೋಗಿ," ಎಂದು ಒಳಗೆ ಹೋದಳು.

ಬೀದಿಯವರೆಲ್ಲ ನೋಡುತ್ತಿರುವಾಗ ಹೊರಡದೆ ನಿಲ್ಲುವುದು ಹೇಗೆ? ಯಜಮಾನರು ಹೊರಟರು. ಗುಡ್ಡದ ಮೇಲೆ ಹೋಗಿ, "ನೋಡಿದ್ಯಾ, ಕೆರೆ ತುಂಬಿಬಿಟ್ಟಿದೆ!" ಎಂದು ಪಕ್ಕಕ್ಕೆ ತಿರುಗಿದರು. ಫ್ಲಾಸ್ಕು ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎಂದೂ ಅನ್ನಲಿಲ್ಲ. ಆಗ ಅವರಿಗೆ ನಿಜವಾಗಿ ಸಂಕಟವಾಯಿತು. ಆ ಮೆಟ್ಟಿಲು ಪಟ್ಟಿಯ ಮೇಲೆ ಇಡೀ ಲೋಕದಲ್ಲಿ ಕಾಲಿಡುತ್ತಿದ್ದವಳು ಒಬ್ಬಳೇ ಒಬ್ಬಳು. ಅವಳನ್ನೇ ಮರೆತು 'ಯಾರಿಗೆ ಬೇಕು' ಎಂದುಬಿಟ್ಟೆನಲ್ಲ! ಗಾಡಿಗೆ ಮೂರು ಸಲ ಹಿಡಿದ ಟೇಪನ್ನು ಹೆಂಡತಿಗೆ ಕೊನೆಯ ಸಲ ಹಿಡಿದದ್ದು ಯಾವಾಗ ಎಂಬುದೂ ನೆನಪಿಗೆ ಬರಲಿಲ್ಲ. ಕಾಫಿಯನ್ನು ಕುಡಿಯದೆ ವಾಪಸು ತಂದರು.

ಆ ವಾರ ಹೆಂಡತಿ ಅಂಗಡಿಗೆ ಬಂದು ಏನೋ ಕೇಳಿದಳು. ಯಜಮಾನರ ಬಾಯಲ್ಲಿ ಗುಂಡುಸೂಜಿಗಳಿದ್ದವು, ತಲೆಯಲ್ಲಿ ಟೈರುಗಳಿದ್ದವು. "ಹ್ಞೂಂ" ಎಂದರು. ಆಕೆ ಸ್ವಲ್ಪ ಹೊತ್ತು ನಿಂತಿದ್ದು, ಹೊರಟುಹೋದಳು.

ಶನಿವಾರ ಯಜಮಾನರು ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ನಿಂತು, ಹಳೆಯ ಟೈರುಗಳನ್ನೇ ಹಾಕಿಸಿದರು. ಮೆಟ್ಟಿಲು ಪಟ್ಟಿಯನ್ನು ತಾವೇ ಉಜ್ಜಿ ಒರೆಸಿ ಕೂರಿಸಿದರು. ಹೆಂಡತಿಗೆ ಹೇಳಲಿಲ್ಲ. ಬೆಳಿಗ್ಗೆ ನೋಡಿ ಖುಷಿಪಡಲಿ ಎಂಬ ಆಸೆ.

ಬೆಳಿಗ್ಗೆ ಮನೆಯ ಬಾಗಿಲು ತೆರೆಯಿತು. ಹೆಂಡತಿ ಪ್ಯಾಂಟು ತೊಟ್ಟು ಬಂದಳು! ಬಂದವಳೇ ಗಾಡಿಯತ್ತ ಸರಿಯಾಗಿ ನೋಡದೆ, ಬಾಗಿಲು ತೆಗೆದು, ಉಸಿರು ಬಿಗಿಹಿಡಿದು, ವಾರವೆಲ್ಲ ಸ್ಟೂಲಿನ ಮೇಲೆ ಅಭ್ಯಾಸ ಮಾಡಿದ ಕಾಲನ್ನು ಆಕಾಶಕ್ಕೆ ಎತ್ತಿ ಜಿಗಿದಳು. ಸೀಟು ಅಷ್ಟು ಮೇಲೆ ಇರಲೇ ಇಲ್ಲ. ಆಕೆ ತನ್ನ ಸೀಟನ್ನು ದಾಟಿ ಡ್ರೈವರ್ ಸೀಟಿನಲ್ಲಿದ್ದ ಗಂಡನ ಮಡಿಲಿಗೆ ಬಂದು ಬಿದ್ದಳು. ಹಾರ್ನ್ ಉದ್ದಕ್ಕೆ ಹೊಡೆದುಕೊಂಡಿತು.

"ಟೈರು ಬದಲಾಯಿಸಿದ್ದನ್ನ ಹೇಳಬಾರದಿತ್ತಾ?"

"ಪ್ಯಾಂಟು ಹೊಲಿಸಿದ್ದನ್ನ ನೀನು ಹೇಳಬಾರದಿತ್ತಾ?"

"ಅಂಗಡಿಗೇ ಬಂದು ಹೇಳಿದ್ನಲ್ಲ! ಗಾಡಿ ಹತ್ತೋಕೆ ಒಂದು ಪ್ಯಾಂಟು ಹೊಲಿದುಕೊಡಿ ಅಂದೆ. ಹ್ಞೂಂ ಅಂದ್ರಿ. ಅಳತೆ ತಗೋತೀರೇನೋ ಅಂತ ನಿಂತೇ ಇದ್ದೆ."

ಯಜಮಾನರು ಪ್ಯಾಂಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದರು. "ಮತ್ತೆ ಇದನ್ನ ಹೊಲಿದಿದ್ದು ಯಾರು?"

"ಎದುರಂಗಡಿ ಅಣ್ಣ."

ಎದುರಂಗಡಿ! ಬೀದಿಯ ಆಚೆ ಬದಿಯ ಟೈಲರ್! ಯಜಮಾನರು ಪ್ಯಾಂಟಿನ ಹೊಲಿಗೆಯನ್ನು ಸೊಂಟದಿಂದ ಪಾದದವರೆಗೆ ಕಣ್ಣಲ್ಲೇ ಬಿಚ್ಚಿ ನೋಡಿದರು. ಒಂದೇ ಒಂದು ತಪ್ಪು ಸಿಕ್ಕಿದ್ದರೂ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ.

"ಎಷ್ಟು ಎತ್ತರ ಹತ್ತಬೇಕಮ್ಮ ಅಂತ ಕೇಳಿ ಕೇಳಿ ಹೊಲಿದ್ರು. ದುಡ್ಡು ಕೊಡೋಕೆ ಹೋದ್ರೆ ಬೇಡವೇ ಬೇಡ ಅಂದ್ರು. ಟೈಲರ್ ಹೆಂಡ್ತಿನೇ ಈ ಪ್ಯಾಂಟು ತೊಟ್ಟು ಅವರ ಅಂಗಡಿ ಮುಂದೆ ಒಂದ್ಸಲ ಗಾಡಿ ಹತ್ತಿ ಇಳಿದ್ರೆ ಅಷ್ಟೇ ಜಾಹೀರಾತು ಸಾಕಂತೆ. ಮಾತು ಕೊಟ್ಟಿದೀನಿ ರೀ."

ಮಾತು ಅಂದರೆ ಮಾತು. ಯಜಮಾನರು ಗಾಡಿಯನ್ನು ಎದುರಂಗಡಿಯ ಮುಂದೆ ನಿಲ್ಲಿಸಿದರು. ಹೆಂಡತಿ ಇಳಿದಳು, ಮೆಟ್ಟಿಲು ಪಟ್ಟಿಯ ಮೇಲೆ ಕಾಲಿಟ್ಟು ಆರಾಮಾಗಿ ಹತ್ತಿದಳು. ಬೀದಿಯಲ್ಲಿ ನಾಲ್ಕು ಜನ ನಿಂತು ನೋಡಿದರು. ಎದುರಂಗಡಿಯವನು ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡು ಹೊರಗೆ ಬಂದು, ಕಿಟಕಿಗೆ ಬಗ್ಗಿ, ವಿನಯದಿಂದ ಕೇಳಿದ:

"ಫಿಟ್ಟಿಂಗ್ ಹೇಗಿದೆ ಅಣ್ಣಾ?"

ಯಜಮಾನರು ತುಟಿಗಳನ್ನು ಮುಟ್ಟಿ ನೋಡಿಕೊಂಡರು. ಭಾನುವಾರವಾದ್ದರಿಂದ ಒಂದು ಗುಂಡುಸೂಜಿಯೂ ಇರಲಿಲ್ಲ. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ," ಎಂದರು, ಬಾಯಿಬಿಟ್ಟು.